ಕಪ್ಪು ಕನ್ನಡಕ ಹಾಕಿಕೊಂಡವರಿಗೆ

ಅತ್ತೆ,

ಬೆಳಗಿನ ಪಾಳಿ, ನೀವು ಏಳೋ ಮೊದಲೇ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ.

ಕಾರು ಜೋರಾಗಿ ಓಡಿಸಿದ್ದಕ್ಕೆ ಬಂದಿರೋ ನೋಟಿಸು ಈ ಚೀಟಿಯ ಕೆಳಗೇ ಇದೆ. ಕಾರು ನನ್ನ ಹೆಸರಲ್ಲಿರೋದರಿಂದ ನನಗೆ ಬಂತು. ನಿಮ್ಮ ಮಗ ಮೊದಲನೇ ಪುಟ ಮಾತ್ರ ಓದಿ, ನಿನ್ನೆ ಊಟ ಮುಗಿಯೋವರೆಗೂ ನನ್ನ ತಲೆ ತಿಂದರು. "ಅಮ್ಮನ್ನ ನೋಡಿ ಕಲಿ" ಅಂತ ಬೇರೆ! ಆಗ ನೀವು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಿರಿ.

ಎರಡನೇ ಪುಟದಲ್ಲಿ ಫೋಟೋ ಇದೆ, ನೋಡಿ. ನರೆತ ಬೈತಲೆ, ಮೂಗಿನ ಮೇಲೆ ನನ್ನ ಕಪ್ಪು ಕನ್ನಡಕ. ಅದಕ್ಕೋಸ್ಕರ ವಾರವೆಲ್ಲ ಮನೆ ತಲೆಕೆಳಗು ಮಾಡಿದೆ, ನೀವೂ ಜೊತೆಗೆ ನಿಂತು ಹುಡುಕಿದಿರಿ! ಎಲ್ಲಿಟ್ಟಿದ್ದೀರೋ ಅಲ್ಲಿಂದ ತೆಗೆದು ಫ್ರಿಜ್ ಮೇಲಿಡಿ.

ಕೊನೇ ಹಾಳೆಯಲ್ಲಿ ಓಡಿಸಿದವರ ಹೆಸರು ಬರೆದು ಸಹಿ ಹಾಕಬೇಕು. ನಾನಂತೂ ನನ್ನ ಹೆಸರು ಬರೆಯೋಲ್ಲ, ನೀವೇ ನಿಮ್ಮದು ಬರೆದು ಇವತ್ತೇ ಅಂಚೆಗೆ ಹಾಕಿ. ದಂಡ ನಾನು ಕಟ್ತೀನಿ, ಆ ಮಾತು ಎತ್ತಬೇಡಿ. ಮಗನಿಗೂ ನೀವೇ ಹೇಳಿ. ಆದರೆ ನಾನು ಬರೋವರೆಗೆ ತಡೀರಿ, ಅವರ ಮುಖ ನಾನು ನೋಡಬೇಕು.

ಫೋಟೋ ಇರೋ ಹಾಳೆ ಮಾತ್ರ ಬಿಸಾಡಬೇಡಿ. ಈ ಮನೆಗೆ ಬಂದಾಗಿನಿಂದ ನೀವು ಹಾಗೆ ಬಾಯ್ತುಂಬ ನಕ್ಕಿದ್ದನ್ನ ನಾನು ನೋಡಿಲ್ಲ.

ನಾನು ಬಸ್ಸಲ್ಲಿ ಹೋಗ್ತಿದ್ದೀನಿ. ಕಾರಿನ ಕೀ ಎಂದಿನ ಮೊಳೆಯಲ್ಲೇ ಇದೆ, ಅಂಚೆ ಕಚೇರಿಗೆ ಅದರಲ್ಲೇ ಹೋಗಿ. ನಾನು ಹೊರಡುವಾಗ ದಿನಾ ಬಾಗಿಲಲ್ಲಿ ನಿಂತು ನೀವು ಹೇಳೋ ಮಾತನ್ನೇ ಇವತ್ತು ನಿಮಗೆ ಹೇಳ್ತಿದ್ದೀನಿ: "ನಿಧಾನಕ್ಕೆ ಓಡ್ಸು, ತಾಯಿ."