ಮರಿಯಮ್ಮನ ಪಾದದ ಬಳಿ ನನ್ನ ಹೆಸರು

ಆಂತೆಕೆರಾ ಕನ್ಯಾಮಠ, 1683

ನವೆಂಬರ್ 9

ನೀಲಿ ಬಣ್ಣ ಇನ್ನೂ ಒಣಗಿಲ್ಲ. ಹಾಳು ಥಂಡಿ. ಮರಿಯಮ್ಮನ ಕೈ ಬರೆಯಲು ಅಡುಗೆಮನೆಯ ಬೆನಿತಾಳನ್ನೇ ಮತ್ತೆ ಕೂರಿಸಿದೆ.

“ಈರುಳ್ಳಿ ನಾತ ಹೊಡೆಯೋ ಕೈ ಕಣಕ್ಕಾ, ದೇವಮಾತೆಗಾ ಇದು?”

“ಚಿತ್ರಕ್ಕೆ ನಾತ ಬರಲ್ಲ. ಅಲ್ಲಾಡಬೇಡ.”

ಚಿತ್ರದ ಗೋದಲಿಯಲ್ಲಿ ದೀಪವಿಲ್ಲ. ಬೆಳಕೆಲ್ಲ ಕೂಸಿನ ಮೈಯಿಂದಲೇ. ಕುರುಬರ ಮುಖಕ್ಕೂ ಅದೇ. ಹಿಂದೆ ಗವ್ವೆನ್ನುವ ಕತ್ತಲು. ಚೆನ್ನಾಗಿ ಬಂದಿದೆ. ನಾನೇ ಹೇಳಬಾರದು... ಚೆನ್ನಾಗಿದೆ.

ನವೆಂಬರ್ 21, ಸಂಜೆ

ನಮ್ಮ ಪಾಪನಿವೇದನೆ ಕೇಳುವ ಫಾದರ್ ಫುಲ್ಹೆನ್ಸಿಯೊ ಚಿತ್ರ ನೋಡಲು ಬಂದಿದ್ದರು. ಬಹಳ ಹೊತ್ತು ನಿಂತರು. ಆಮೇಲೆ ಮಠದ ಹಿರಿಯ ತಾಯಿ ಲಿಯೊಕಾಡಿಯಾ ಕಡೆ ತಿರುಗಿದರು.

“ಊರಿನ ದೊಡ್ಡ ಚರ್ಚಿನ ಪೀಠಕ್ಕೇ ಇಡಬಹುದು ಇದನ್ನ. ಆದ್ರೆ ಕೆಳಗೆ ಡಾನ್ ಗಾಸ್ಪರ್ ಹೆಸರಿರ್ಲಿ. ಹೆಂಗಸು ಬರೆದದ್ದರ ಮುಂದೆ ಯಾರಮ್ಮ ಮಂಡಿಯೂರ್ತಾರೆ?”

ಡಾನ್ ಗಾಸ್ಪರ್ ಊರಿನ ಚಿತ್ರಕಾರ. ಇದಕ್ಕೆ ಕುಂಚ ಮುಟ್ಟಿಸಿದವನಲ್ಲ.

“ನಿನ್ನ ವಿನಯಕ್ಕೂ ಒಳ್ಳೇದು ಮಗಳೇ,” ಎಂದರು ನನಗೆ.

ತಲೆ ತಗ್ಗಿಸಿದೆ. ಹಲ್ಲು ಕಚ್ಚಿಕೊಂಡೆ.

ನವೆಂಬರ್ 22

ವಿನಯ ಎಂದರೆ ಸುಳ್ಳು ಹೇಳುವುದೇ?

ಡಿಸೆಂಬರ್ 10

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಇಂದು ಡಾನ್ ಗಾಸ್ಪರ್ ಸಹಿ ಹಾಕಲು ಬರುವವನಿದ್ದ. ಬೆಳಗಿನ ಪೂಜೆ ಮುಗಿದದ್ದೇ ಹೋಗಿ, ಮರಿಯಮ್ಮನ ಪಾದಕ್ಕೆ ಮತ್ತೊಮ್ಮೆ ಬಣ್ಣ ಕೊಟ್ಟು, ಆ ಹಸಿಯಲ್ಲೇ ಬರೆದೆ — ‘ಕಸಿಲ್ದಾ ಬರೆದಳು’. ತಾಯಿ ಲಿಯೊಕಾಡಿಯಾರಿಗೆ ನಾನೇ ಹೋಗಿ ಹೇಳಿದೆ. ಕನ್ನಡಕ ಏರಿಸಿ, ಬಗ್ಗಿ ಓದಿದರು.

“ಅಕ್ಷರ ಇನ್ನೊಂಚೂರು ದಪ್ಪ ಇರಬಹುದಿತ್ತು,” ಎಂದರು!

ಡಾನ್ ಗಾಸ್ಪರ್ ಜೊತೆ ಬಂದ ಫಾದರ್ ಕೆಂಡವಾದರು. “ಅಳಿಸಿ ಮೊದಲು!”

“ಜೊತೆಗೆ ದೇವಮಾತೆಯ ಪಾದಾನೂ ಹೋಗುತ್ತೆ ಫಾದರ್. ತಗೊಳ್ಳಿ, ನೀವೇ ಒರೆಸಿ.” ತಾಯಿ ಚಿಂದಿಬಟ್ಟೆ ಮುಂದೆ ಹಿಡಿದರು. ಫಾದರ್ ಮುಟ್ಟಲಿಲ್ಲ.

ಡಾನ್ ಗಾಸ್ಪರ್ ಬಾಗಿಲಿನಿಂದಲೇ ವಾಪಸ್ಸು. ದೊಡ್ಡ ಚರ್ಚೂ ಕೈತಪ್ಪಿತು. ಚಿತ್ರ ನಮ್ಮ ಮಠದ ಪುಟ್ಟ ಚರ್ಚಿಗೇ. ಆದರೆ ನನ್ನದು ನನ್ನದಾಗಿಯೇ ಇದೆ.

ಡಿಸೆಂಬರ್ 25

ಚರ್ಚಿನಲ್ಲಿ ಕಾಲಿಡಲು ಜಾಗವಿಲ್ಲ. ನಾವು ಕನ್ಯಾಸ್ತ್ರೀಯರು ಜಾಲರಿಯ ಹಿಂದೆ. ಚಿತ್ರದ ಪರದೆ ಸರಿಯಿತು. ಆಲಿವ್ ಮಾರುವವಳೊಬ್ಬಳು ಮೊದಲು ಮಂಡಿಯೂರಿದಳು. ಹಿಂದೆಯೇ ಎಲ್ಲರೂ.

ಪೂಜೆ ಮುಗಿದ ಮೇಲೆ ಯಾರೋ ಬಗ್ಗಿ ಹೆಸರು ಓದಿದರು.

“ಕಸಿಲ್ದಾ ಅಂತೆ! ಯಾವ ಕಸಿಲ್ದಾ?”

“ಅಯ್ಯೋ, ಜೋಡು ಹೊಲಿಯೋ ಬ್ಲಾಸ್‌ನ ಮಗಳು ಕಣೋ! ನಮ್ಮ ಬೀದಿಯೋಳು!”

ನಮ್ಮ ಬೀದಿಯೋಳು. ಜಾಲರಿಗೆ ಕಿವಿ ಒತ್ತಿದೆ, ಇನ್ನೊಮ್ಮೆ ಕೇಳಲು.

ಡಿಸೆಂಬರ್ 28

ಪಾಪನಿವೇದನೆ.

“ಗರ್ವ ಇದೆಯಾ ಮಗಳೇ?”

“ಇದೆ ಫಾದರ್. ಬಹಳ.”

“ಪಶ್ಚಾತ್ತಾಪ?”

ಸುಳ್ಳಾಡಿದರೆ ಇನ್ನೊಂದು ಪಾಪ. ಕೊನೆಗೆ ಅವರೇ ಮಾತು ಬದಲಿಸಿದರು: “ದೊಡ್ಡ ಚರ್ಚಿಗೆ ಸಂತ ಅನ್ನಮ್ಮನ ಚಿತ್ರ ಬೇಕಂತೆ. ಹೆಸರು... ಎಲ್ಲಾದ್ರೂ ಮೂಲೇಲಿ...”

“ಮೂಲೇಲಿ ಆಗಲ್ಲ ಫಾದರ್.”

ನಿಟ್ಟುಸಿರು ಕೇಳಿಸಿತು. ಬೇಡ ಅನ್ನಲಿಲ್ಲ! ನಾಳೆಯೇ ಚಿತ್ರದ ಹೊಸ ಬಟ್ಟೆಗೆ ಅಂಟು ಬಳಿಯಬೇಕು, ಅನ್ನಮ್ಮ ಮರಿಯಮ್ಮನ ಹೆತ್ತವಳು, ಅವಳಿಗೆ ತಾಯಿ ಲಿಯೊಕಾಡಿಯಾರ ಮುಖವೇ ಸರಿ, ಒಪ್ಪಿಸೋದು ಹೇಗೋ, ಮೊದಲು ಹೋಗಿ ಅವರನ್ನೇ ಕೇಳುತ್ತೇನೆ.