ನಲ್ಲಿಯ ಎಡಕ್ಕೆ ಜೂಂಬಾ

ಲೂದಿಮಾ
೬ ಮಾರ್ಚ್ ೧೯೮೮

ನನ್ನ ಮುದ್ದು ಒರ್ತಾನ್ಸ್,

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ನಮ್ಮ ರೈಲಿನ ಹಾಗೆ, ಮನಸ್ಸು ಬಂದ ದಿನ ನಡೆಯುತ್ತದೆ. ನಿನ್ನ ಪತ್ರ ಓದಿದೆ. ಫ್ರೆಂಚಿನಲ್ಲಿ ಕವಿತೆ ಕಟ್ಟಿ, ಗಿಟಾರ್ ಹಿಡಿದು ಹಾಡುವವಳು ಅಮ್ಮನಿಗೆ ಬರೆಯುವಾಗಲಾದರೂ ನೆಟ್ಟಗೆ ಬರೆಯಬಾರದೇ? ಎರಡು ಪುಟ ಮೋಡ, ನದಿ ಎಲ್ಲ ದಾಟಿದ ಮೇಲೆ ವಿಷಯ ಸಿಕ್ಕಿತು.

ಕ್ಯಾಸೆಟ್ ಮಾಡಿಸಿಕೊಡುವ ಮರದ ವ್ಯಾಪಾರಿ ಗಾಸ್ಪಾರ್, ಹಾಡಿನ ನಡುವೆ ತನ್ನ ಹೆಸರು ಕೂಗಬೇಕು ಎನ್ನುತ್ತಾನೆ. ನೀನು ಒಲ್ಲೆ ಎನ್ನುತ್ತೀಯ. ನಮ್ಮೂರ ಪ್ಲಾಟ್‌ಫಾರ್ಮಿನಲ್ಲಿ ಮರಗೆಣಸಿನ ಕಡುಬು ಮಾರುವ ಹೆಂಗಸರ ಹಾಡಿನಲ್ಲಿ ದಿಮ್ಮಿ ಮಾರುವವನಿಗೇನು ಕೆಲಸ ಎಂದು ಕೇಳಿದ್ದೀಯ. ನ್ಯಾಯವೇ. ಆದರೆ ಅವನು ಕೈಬಿಟ್ಟರೆ ನಿನ್ನ ಮೊದಲ ಕ್ಯಾಸೆಟ್ ಹೊರಗೆ ಬರುವುದಿಲ್ಲ. ಇಷ್ಟು ವರ್ಷ ಮದುವೆಮನೆಗಳಲ್ಲಿ ಬೇರೆಯವರ ಹಾಡು ಹಾಡಿದವಳು ನೀನು. ಅದನ್ನು ನೆನೆದು ನನಗೆ ಊಟ ಸೇರಲಿಲ್ಲ.

ದುಡ್ಡು ಕೊಟ್ಟವರ ಹೆಸರು ಹಾಡಿನಲ್ಲಿ ಕೂಗುವುದು ಕಾಂಗೋದ ಹಾಡುಗಾರರೆಲ್ಲ ಮಾಡುವುದೇ. ಅದರಲ್ಲಿ ಅವಮಾನ ಏನಿದೆ? ನಾವೂ ಕೂಗಿದವರೇ. ರೈಲು ನಿಲ್ಲುವುದು ಒಂದಿಷ್ಟು ಹೊತ್ತು, ಕಿಟಕಿಯೊಳಗಿನವರಿಗೆ ನಮ್ಮ ಮುಖ ಎಲ್ಲಿ ಕಾಣಬೇಕು? ಅದಕ್ಕೇ ನಮ್ಮ ನಮ್ಮ ಹೆಸರನ್ನೇ ಕೂಗುತ್ತಿದ್ದೆವು: "ಮಾತೊಂದೊ ಇಲ್ಲಿದ್ದಾಳೆ" ಎಂದು ನಾನು, "ಬಿಸಿಬಿಸಿ ಜೂಂಬಾ" ಎಂದು ಪಕ್ಕದವಳು.

ಜೂಂಬಾ ನೆನಪಿದ್ದಾಳಲ್ಲ? ಪ್ಲಾಟ್‌ಫಾರ್ಮಿನ ನೀರಿನ ನಲ್ಲಿಯ ಎಡಕ್ಕೆ ಅವಳು, ಬಲಕ್ಕೆ ನಾನು. ಇಪ್ಪತ್ತು ವರ್ಷ ಹಾವು ಮುಂಗುಸಿಯ ಹಾಗಿದ್ದೆವು. ಅವಳ ಗಂಟಲು ದೊಡ್ಡದು, ನನ್ನ ಕಡುಬು ಮೆತ್ತಗೆ. ಸತ್ತವಳ ಬಗ್ಗೆ ಆಡಬಾರದು, ಆದರೂ ಅವಳ ಕಡುಬು ಹುಳಿ.

ಮೊನ್ನೆ ಶುಕ್ರವಾರ ರೈಲು ಹತ್ತಿ ನೀನಿರುವ ಪ್ವಾಂತ್ ನ್ವಾರಿಗೇ ಬಂದಿದ್ದೆ. ನಿನಗೆ ಹೇಳಲಿಲ್ಲ, ಹೇಳಿದ್ದರೆ ನೀನು ತಡೆಯುತ್ತಿದ್ದೆ. ನೇರವಾಗಿ ಗಾಸ್ಪಾರನ ಮರದ ಡಿಪೋಗೆ ಹೋದೆ. ಅವನು ಜೂಂಬಾಳ ಮಗ. ಚಿಕ್ಕಂದಿನಲ್ಲೇ ಅವನನ್ನು ಓದಲು ಸೋದರಮಾವನ ಮನೆಗೆ ಕಳಿಸಿದ್ದಳು, ಹಾಗಾಗಿ ನಿನಗೆ ಗೊತ್ತಿಲ್ಲ. ಈಗ ಟೈ ಕಟ್ಟುತ್ತಾನೆ, ತಾನು ಯಾರ ಮಗನೆಂದು ಯಾರಿಗೂ ಹೇಳುವುದಿಲ್ಲ. ನನ್ನನ್ನು ಕಂಡೊಡನೆ ಎದ್ದು ಕುರ್ಚಿ ಕೊಟ್ಟ, ತಣ್ಣನೆಯ ಬಿಯರ್ ತರಿಸಿದ. ಕುಡಿದು ಮುಗಿಸಿ ಕೇಳಿದೆ:

"ಗಾಸ್ಪಾರ, ಆ ಪ್ಲಾಟ್‌ಫಾರ್ಮ್ ಮೇಲೆ ನಿನ್ನ ಹೆಸರನ್ನ ಯಾರಾದ್ರೂ ಕೂಗಿದ್ರೇನೋ? ಅಲ್ಲಿ ಕೇಳ್ತಿದ್ದಿದ್ದು ನಿಮ್ಮಮ್ಮನ ಹೆಸರು. ನಿನ್ನ ಓದ್ಸೋಕೇ ಅವಳು ಹಾಗೆ ಕೂಗ್ತಿದ್ದಿದ್ದು."

ಅವನು ಟೈ ಸರಿಪಡಿಸಿಕೊಂಡ. ಆಮೇಲೆ ತನ್ನ ಹೆಸರು ಬೇಡ, ಅಮ್ಮನದನ್ನೇ ಕೂಗಲಿ ಎಂದ. ಆದರೆ ಅವಳು ಕೂಗುತ್ತಿದ್ದ ಹಾಗೆಯೇ ಕೂಗಬೇಕಂತೆ, ಆ ರಾಗ ಅವನಿಗೆ ಮರೆತುಹೋಗಿದೆಯಂತೆ. ನನಗೆ ನೆನಪಿತ್ತು. ಎದ್ದು ನಿಂತು ಜೂಂಬಾಳ ಹಾಗೆ ಕೂಗಿದೆ. ಆಳುಗಳು ಗರಗಸ ನಿಲ್ಲಿಸಿ ನೋಡಿದರು. ಗಾಸ್ಪಾರ್ ಅತ್ತುಬಿಟ್ಟ. ನನಗೂ ಅಳು ತಡೆಯಲಾಗಲಿಲ್ಲ, ಆ ಹುಳಿ ಕಡುಬಿನವಳಿಗಾಗಿ.

ಬೇಗ ಊರಿಗೆ ಬಾ, ರಾಗ ಹೇಳಿಕೊಡುತ್ತೇನೆ. ನಿನ್ನ ಅಮ್ಮನ ಹೆಸರು ಹಾಡಿನಲ್ಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಈ ವಯಸ್ಸಿನಲ್ಲಿ ನನಗೆ ಅಂಥ ಆಸೆಯೆಲ್ಲ ಇಲ್ಲ.

ನಿನ್ನ ಅಮ್ಮ,
ಮಾತೊಂದೊ

ಮರೆತ ಮಾತು: ಒಮ್ಮೆ ಕೂಗಿದ ಮೇಲೆ ಜೂಂಬಾ ಉಸಿರೆಳೆದುಕೊಳ್ಳುತ್ತಿದ್ದಳು. ಆ ಸಂದಿನಲ್ಲೇ ನಾನು ನನ್ನ ಹೆಸರು ಕೂಗುತ್ತಿದ್ದೆ. ಹಾಡಿನಲ್ಲಿ ಆ ಜಾಗ ಖಾಲಿ ಬಿಟ್ಟರೆ ಕೇಳುವವರಿಗೆ ಏನೋ ತಪ್ಪಿದ ಹಾಗೆ ಅನ್ನಿಸಬಹುದು. ನೀನು ಕವಿ, ನೀನೇ ನೋಡು.