ಲೀಸ್ಕಾಳ ಹಾದಿಗೆ ಸುರಿದ ನೀರು

ಅಜ್ಜಿ, ಗೆದ್ದೆವು!

ನಿನ್ನ ನಾಯಿಮರಿ ಲೀಸ್ಕಾಳ ಹೃದಯದ ಹತ್ತಿರ, ಹುಟ್ಟಿದಾಗಲೇ ಮುಚ್ಚಿಕೊಳ್ಳಬೇಕಿದ್ದ ರಕ್ತನಾಳವೊಂದು ತೆರೆದೇ ಇತ್ತಂತೆ. ಬೇಸಿಗೆ ದಾಟುವುದಿಲ್ಲ ಎಂದಿದ್ದರು ವಿದಿನ್ ಊರಿನ ಪಶುವೈದ್ಯರು. ನಾನು ನಾಯಿ ಸಾಕುವವರ ಗ್ರೂಪಿನಲ್ಲಿ ಕೇಳಿ ಕೇಳಿ, ಸೋಫಿಯಾ ನಗರದ ಪ್ರಾಣಿಗಳ ಹೃದಯತಜ್ಞೆ ಡಾಕ್ಟರ್ ವೆಲ್ಚೋವಾ ಅವರನ್ನು ಹಿಡಿದೆ. ಅವರ ಒಂದೊಂದು ವಿಡಿಯೋವನ್ನೂ ಹತ್ತು ಸಲ ನೋಡಿದ್ದೇನೆ, ಪಕ್ಕಾ ಫ್ಯಾನ್!

ಇವತ್ತು ಅವರು ಲೀಸ್ಕಾಳನ್ನು ಎತ್ತಿಕೊಂಡು ಆಪರೇಷನ್ನಿಗೆ ಹೊರಟಾಗ, ಬಾಟಲಿಯ ನೀರನ್ನು ಅವರ ಮುಂದೆ ಸುರಿದೇಬಿಟ್ಟೆ. ನನ್ನ ಪರೀಕ್ಷೆಗಳಿಗೆ ನೀನು ಹೊಸ್ತಿಲಲ್ಲಿ ತಾಮ್ರದ ಚೆಂಬಿನಿಂದ ಸುರಿಯುತ್ತಿದ್ದೆಯಲ್ಲ, ಹಾಗೆ. ಅವರ ಶೂ ತೊಯ್ದುಹೋಯಿತು.

"ಏನಮ್ಮಾ, ನಾಯಿಗೆ ಆಪರೇಷನ್ನು, ನಂಗೆ ಸ್ನಾನಾನಾ?"

"ಸಾರಿ ಡಾಕ್ಟ್ರೇ, ಹೋದ ಕೆಲ್ಸ ನೀರ್ ಹರಿದಂಗೆ ಸಲೀಸಾಗ್ಲಿ ಅಂತ..."

"ಗೊತ್ತು ಕಣೇ, ನಮ್ಮಜ್ಜೀನೂ ಸುರೀತಿದ್ರು. ಜಿಪುಣಿ, ಇನ್ನೂ ಸ್ವಲ್ಪ ಸುರಿ!"

ಆಪರೇಷನ್ ಮುಗಿದ ಮೇಲೆ ಅವರೇ ಸ್ಟೆತಸ್ಕೋಪನ್ನು ನನ್ನ ಕಿವಿಗಿಟ್ಟರು. ಹಿಟ್ಟಿನ ಗಿರಣಿಯಂತೆ ಗುರುಗುಟ್ಟುತ್ತಿದ್ದ ಎದೆಯಲ್ಲಿ ಈಗ ಬರೀ ಲಬ್‌ಡಬ್ ಲಬ್‌ಡಬ್! ಗ್ರೂಪಿನಲ್ಲಿ ಇನ್ನೂ ಚಪ್ಪಾಳೆಗಳ ಮಳೆ ನಿಂತಿಲ್ಲ.

ನಿನ್ನನ್ನು ಕರೆದೊಯ್ಯಲು ಆಂಬುಲೆನ್ಸ್ ಬಂದ ದಿನ ನೀನು ಹೊಸ್ತಿಲಲ್ಲಿ ನಿಂತು ತಾಮ್ರದ ಚೆಂಬಿನ ಕಡೆ ನೋಡಿದ್ದೆ. ನಾನು "ಬಾ ಅಜ್ಜಿ, ಲೇಟಾಗುತ್ತೆ" ಅಂದಿದ್ದೆ. ನೀರು ಸುರಿಯಲಿಲ್ಲ, ನೀನು ಮನೆಗೆ ಮರಳಲೂ ಇಲ್ಲ.

ಇವತ್ತು ಬಾಟಲಿಯಲ್ಲಿ ಒಂದು ಹನಿಯನ್ನೂ ಉಳಿಸಲಿಲ್ಲ. ಸಂಜೆ ಲೀಸ್ಕಾ ತಾನೇ ನಡೆದುಕೊಂಡು ಹೊರಗೆ ಬಂದಳು.